ಮುಳಬಾಗಿಲು ದೋಸೆಯಲ್ಲಿ ಪ್ರೊಬಯಾಟಿಕ್ ಇದೆಯಾ? ಮೊಸರು, ಕ್ಯಾಪ್ಸೂಲ್ ಮತ್ತು ನಮ್ಮ ಹೊಟ್ಟೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಹೊಟ್ಟೆ ಬಗ್ಗೆ ಏನೇ ಅನುಮಾನ ಇದ್ರೂ ವಾಯ್ಸ್ ನೋಟ್ ಕಳಿಸಿ ಅಂತ ಹೇಳಿದ್ದೆ. ಬಂದ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ಜಿಲ್ಲೆಯವು, ಒಂದೇ ವಿಷಯದ ಮೇಲೆ. ಮಾಲೂರಿನ ಒಬ್ಬ ಹುಡುಗ, ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಹಲ್ಲುನೋವಿಗೆ ಐದು ದಿನದ ಆಂಟಿಬಯಾಟಿಕ್ ಬರೆದುಕೊಟ್ಟಿದ್ದಾರೆ, ಜೊತೆಗೆ ಒಂದು ಸ್ಟ್ರಿಪ್ ಪ್ರೊಬಯಾಟಿಕ್ ಕ್ಯಾಪ್ಸೂಲ್. "ಅಮ್ಮ ಮೊಸರನ್ನ ತಿನ್ನು ಸಾಕು ಅಂತಾರೆ. ಯಾರ ಮಾತು ಕೇಳ್ಲಿ?" ಅನ್ನೋದು ಅವರ ಪ್ರಶ್ನೆ. ಮುಳಬಾಗಿಲಿನವರೊಬ್ಬರು, "ದೋಸೆ ಹಿಟ್ಟು ಹುಳಿ ಬಂದಿರುತ್ತೆ, ಅಂದ್ಮೇಲೆ ನಮ್ಮೂರ ದೋಸೆ ಪ್ರೊಬಯಾಟಿಕ್ ತಾನೇ?" ಅಂದಿದ್ದಾರೆ. ಶ್ರೀನಿವಾಸಪುರದ ಕಾಲೇಜು ಹುಡುಗಿಗೆ ಮಾವಿನಕಾಯಿ ಉಪ್ಪಿನಕಾಯಿ ಮೇಲೆ ಅನುಮಾನ. ನಾಲ್ಕನೆಯದು ಕೋಲಾರದ ಒಬ್ಬ ತಾಯಿಯದು. ಒಂದೂವರೆ ವರ್ಷದ ಮಗುವಿಗೆ ಲೂಸ್ ಮೋಷನ್ ಆಗಿತ್ತು. ಮೆಡಿಕಲ್ ಸ್ಟೋರಿನಲ್ಲಿ ಪ್ರೊಬಯಾಟಿಕ್ ಇರೋ ಪುಟ್ಟ ಬಾಟಲಿಗಳನ್ನು ಕೊಟ್ಟರಂತೆ. "ಇದನ್ನ ಕುಡಿಸಿದ್ರೆ ಓಆರ್‌ಎಸ್ ಬೇಕಾಗಲ್ಲ ಅಲ್ವಾ ಅಕ್ಕಾ?" ಅಂತ ಕೇಳಿದ್ದಾರೆ.

ಉಳಿದ ಮೂರು ಪ್ರಶ್ನೆ ಕಾಯಬಹುದು, ಇದು ಕಾಯಲ್ಲ. ಹಾಗಾಗಿ ಮೊದಲು ಇದು.

ಬೇಕಾಗುತ್ತೆ. ಖಂಡಿತಾ ಬೇಕಾಗುತ್ತೆ. ಭೇದಿ ಆದಾಗ ಮಗುವಿನ ಜೀವಕ್ಕೆ ಅಪಾಯ ತರೋದು ಹೆಚ್ಚಾಗಿ ರೋಗಾಣು ಅಲ್ಲ, ಮೈಯಿಂದ ಹೊರಟುಹೋಗೋ ನೀರು ಮತ್ತು ಉಪ್ಪು. ಅದನ್ನ ವಾಪಸ್ ತುಂಬೋ ಕೆಲಸ ಯಾವ ಬ್ಯಾಕ್ಟೀರಿಯಾಗೂ ಗೊತ್ತಿಲ್ಲ, ಓಆರ್‌ಎಸ್‌ಗೆ ಮಾತ್ರ ಗೊತ್ತು. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಹೊತ್ತಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಮುಗೀತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಅನ್ನೋ ವೈದ್ಯರು ಸಕ್ಕರೆ, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ಕುಡಿಸೋಕೆ ಹೇಳಿದರು. ಅಂಥ ಶಿಬಿರಗಳಲ್ಲಿ ಶೇ 30ರವರೆಗೂ ಹೋಗುತ್ತಿದ್ದ ಸಾವಿನ ಪ್ರಮಾಣ ಅವರ ಶಿಬಿರದಲ್ಲಿ ಶೇ 3.6ಕ್ಕೆ ಇಳೀತು. 2022ರಲ್ಲಿ ಅವರು ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಇಷ್ಟು ದೊಡ್ಡ ಔಷಧಿ ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಪುಕ್ಕಟೆ ಸಿಗುತ್ತೆ ಅನ್ನೋ ಕಾರಣಕ್ಕೇ ನಮಗೆ ಅದು ಸಸಾರ ಅನ್ನಿಸಿಬಿಟ್ಟಿದೆಯೇನೋ.

ಒಂದು ದೊಡ್ಡ ಪ್ಯಾಕೆಟ್ಟು, ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಅರ್ಧ ಪ್ಯಾಕೆಟ್ ಅರ್ಧ ಲೀಟರ್ ಅಂತ ಅಂದಾಜು ಮಾಡಬೇಡಿ, ಪೂರ್ತಿ ಕಲಸಿ. ಒಂದು ದಿನದಲ್ಲಿ ಮುಗೀಲಿಲ್ಲ ಅಂದ್ರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿ ಆದಮೇಲೆ 50ರಿಂದ 100 ಮಿಲಿ, ಚಮಚದಲ್ಲಿ, ನಿಧಾನಕ್ಕೆ. ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತ ಮೇಲೂ ಆ 14 ದಿನ ಮುಗಿಸಬೇಕು. ಎದೆಹಾಲು ನಿಲ್ಲಿಸಬಾರದು, ಊಟ ನಿಲ್ಲಿಸಬಾರದು. ಕಣ್ಣು ಒಳಕ್ಕೆ ಹೋಗಿದ್ರೆ, ಮಗು ಸುಸ್ತಾಗಿ ಎಬ್ಬಿಸಿದರೂ ಏಳದಿದ್ರೆ, ಆರು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ ಅಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ಕುಡಿದದ್ದೆಲ್ಲ ವಾಂತಿ ಆಗ್ತಿದ್ರೆ, ಆಗ ಮನೆ ಮದ್ದೂ ಬೇಡ ಪಾಡ್‌ಕಾಸ್ಟೂ ಬೇಡ, ನೇರ ಆಸ್ಪತ್ರೆಗೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಓಆರ್‌ಎಸ್ ಅಂತ ಕೇಳಿದ್ರೆ ಹಣ್ಣಿನ ರುಚಿಯ ಸಿಹಿ ಪಾನೀಯದ ಪೊಟ್ಟಣ ಕೊಡೋ ಚಾಳಿ ಇತ್ತು. ಅದರಲ್ಲಿ ಸಕ್ಕರೆ ಜಾಸ್ತಿ, ಭೇದಿ ಇನ್ನೂ ಹೆಚ್ಚಾಗಬಹುದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದ್ರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಇಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅನ್ನೋ ಪದ ಬಳಸೋ ಹಾಗಿಲ್ಲ ಅಂತ ಆದೇಶ ಮಾಡಿತು. ನೀವು ನೋಡಬೇಕಾದದ್ದು ಪ್ಯಾಕೆಟ್ ಮೇಲೆ ಡಬ್ಲ್ಯುಎಚ್‌ಒ ಸೂತ್ರ ಅಂತ ಬರೆದಿದೆಯಾ ಅನ್ನೋದನ್ನ.

ಹಾಗಾದ್ರೆ ಆ ಪುಟ್ಟ ಬಾಟಲಿ? ಅಮೆರಿಕದಲ್ಲಿ 971 ಮಕ್ಕಳ ಮೇಲೆ, ಕೆನಡಾದಲ್ಲಿ 886 ಮಕ್ಕಳ ಮೇಲೆ ನಡೆದ ಎರಡು ದೊಡ್ಡ ಪರೀಕ್ಷೆಗಳ ವರದಿ 2018ರಲ್ಲಿ ಬಂತು. ವಾಂತಿ ಭೇದಿ ಅಂತ ಎಮರ್ಜೆನ್ಸಿಗೆ ಬಂದ ಪುಟ್ಟ ಮಕ್ಕಳಲ್ಲಿ ಅರ್ಧ ಮಂದಿಗೆ ಪ್ರೊಬಯಾಟಿಕ್, ಅರ್ಧ ಮಂದಿಗೆ ನೋಡೋಕೆ ಅದೇ ಥರ ಇರೋ ಖಾಲಿ ಪುಡಿ, ಐದು ದಿನ. ಎರಡೂ ಕಡೆ ಫಲಿತಾಂಶ ಒಂದೇ: ವ್ಯತ್ಯಾಸ ಇಲ್ಲ. ಆ ಪರೀಕ್ಷೆಗಳಲ್ಲಿ ಬಳಸಿದ್ದು ಬೇರೆ ತಳಿಗಳು, ನಿಮ್ಮ ಬಾಟಲಿಯಲ್ಲಿರೋದು ಬೇರೆ ಇರಬಹುದು, ನಿಜ. ವೈದ್ಯರು ಬರೆದುಕೊಟ್ಟಿದ್ರೆ ಕೊಡಿ, ಗಟ್ಟಿಮುಟ್ಟಾದ ಮಗುವಿಗೆ ಸಾಮಾನ್ಯವಾಗಿ ತೊಂದರೆ ಏನೂ ಆಗಲ್ಲ. ಆದ್ರೆ ಕೈಯಲ್ಲಿ ದುಡ್ಡು ಕಮ್ಮಿ ಇದ್ದು ಎರಡರಲ್ಲಿ ಒಂದನ್ನೇ ತರೋಕೆ ಆಗೋದಾದ್ರೆ, ತರಬೇಕಾದದ್ದು ಓಆರ್‌ಎಸ್ ಮತ್ತು ಜಿಂಕ್. ಅದರಲ್ಲಿ ಎರಡು ಮಾತಿಲ್ಲ.

ಸರಿ. ಈಗ ಉಸಿರು ಬಿಟ್ಟು ಕೂತು ಮಾತಾಡೋಣ. ಏನಿದು ಪ್ರೊಬಯಾಟಿಕ್?

ನಮ್ಮ ಕರುಳಲ್ಲಿ ಬ್ಯಾಕ್ಟೀರಿಯಾ ತುಂಬಿಕೊಂಡಿವೆ. ಒಂದು ಅಂದಾಜಿನ ಪ್ರಕಾರ ಒಬ್ಬ ವಯಸ್ಕನ ಮೈಯಲ್ಲಿ 38 ಲಕ್ಷ ಕೋಟಿ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಅಂದ್ರೆ ಬಾಡಿಗೆದಾರರು ಮನೆಯವರಿಗಿಂತ ಸ್ವಲ್ಪ ಜಾಸ್ತಿ. (ಹತ್ತು ಪಟ್ಟು ಜಾಸ್ತಿ ಅಂತ ರೀಲ್ಸ್‌ನಲ್ಲಿ ಬರುತ್ತಲ್ಲ, ಅದು ಹಳೇ ಲೆಕ್ಕ. 2016ರಲ್ಲೇ ವಿಜ್ಞಾನಿಗಳು ತಿದ್ದಿದ್ದಾರೆ.) ಇವೆಲ್ಲ ಸೇರಿ ತೂಕ ಕಾಲು ಕೆಜಿನೂ ಇಲ್ಲ. ಆದ್ರೆ ಬಾಡಿಗೆ ಸರಿಯಾಗಿ ಕಟ್ಟುತ್ವೆ. ನಮ್ಮ ಜಠರ ಅರಗಿಸೋಕೆ ಆಗದ ನಾರನ್ನು ಇವು ದೊಡ್ಡ ಕರುಳಲ್ಲಿ ಹುದುಗಿಸಿ ಬ್ಯುಟಿರೇಟ್ ಅನ್ನೋ ಆಮ್ಲ ಮಾಡ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಊಟ. ಆ ಗೋಡೆ ಗಟ್ಟಿ ಇದ್ದರೆ ಕೆಟ್ಟದ್ದು ಒಳಗೆ ನುಗ್ಗಲ್ಲ. ರೋಗಾಣು ಬಂದ್ರೂ ಕೂರೋಕೆ ಜಾಗ, ತಿನ್ನೋಕೆ ಆಹಾರ ಸುಲಭವಾಗಿ ಸಿಗದ ಹಾಗೆ ಇವು ನೋಡಿಕೊಳ್ತವೆ.

ಇಮ್ಯುನಿಟಿ ಮಾತು ಬರೋದು ಇಲ್ಲೇ. ನಮ್ಮ ರೋಗನಿರೋಧಕ ಕೋಶಗಳು ಕರುಳಿನ ಗೋಡೆಯಲ್ಲೂ ಕಾವಲು ಕೂತಿರ್ತವೆ. ಯಾಕಂದ್ರೆ ಹೊರಗಿನ ಪ್ರಪಂಚ ದಿನಕ್ಕೆ ಮೂರು ಹೊತ್ತು ನಮ್ಮ ಮೈಯೊಳಗೆ ಬರೋದು ಆ ದಾರಿಯಲ್ಲೇ. ಊಟದ ಮೇಲೆ ಯುದ್ಧ ಸಾರಬಾರದು, ಟೈಫಾಯ್ಡ್ ಬ್ಯಾಕ್ಟೀರಿಯಾವನ್ನ ಬಿಡಬಾರದು. ಯಾರು ನೆಂಟ, ಯಾರು ಕಳ್ಳ ಅನ್ನೋ ಈ ಗುರುತನ್ನ ನಮ್ಮ ಕೋಶಗಳು ಕಲಿಯೋದು ಚಿಕ್ಕಂದಿನಿಂದ ಈ ಬ್ಯಾಕ್ಟೀರಿಯಾ ಜೊತೆ ಒಡನಾಡಿ. ಹಾಗಂತ ಇಮ್ಯುನಿಟಿ ಅನ್ನೋದು ಫೋನಿನ ವಾಲ್ಯೂಮ್ ಥರ ಏರಿಸಬಹುದಾದ ಬಟನ್ ಅಲ್ಲ. "ಇಮ್ಯುನಿಟಿ ಬೂಸ್ಟರ್" ಅಂತ ಬರೆದ ಡಬ್ಬ ಕಂಡರೆ ನಾನು ಮೊದಲು ಅದರ ಹಿಂಭಾಗ ಓದ್ತೀನಿ.

2001ರಲ್ಲಿ ಅರ್ಜೆಂಟೀನಾದ ಕಾರ್ಡೋಬಾ ನಗರದಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೇರಿ ಪ್ರೊಬಯಾಟಿಕ್ ಅಂದ್ರೆ ಏನು ಅಂತ ಗೆರೆ ಎಳೆದರು. ಜೀವಂತ ಸೂಕ್ಷ್ಮಜೀವಿ ಆಗಿರಬೇಕು. ಸಾಕಷ್ಟು ಪ್ರಮಾಣದಲ್ಲಿ ಇರಬೇಕು. ತಗೊಂಡವರ ಆರೋಗ್ಯಕ್ಕೆ ಲಾಭ ಆಗುತ್ತೆ ಅಂತ ಸಾಬೀತಾಗಿರಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಅದು ಪ್ರೊಬಯಾಟಿಕ್ ಅಲ್ಲ. ಹುಳಿ ಬಂದದ್ದೆಲ್ಲ ಪ್ರೊಬಯಾಟಿಕ್ ಅಲ್ಲ ಅನ್ನೋದನ್ನ ಇಲ್ಲೇ ಗುರುತು ಹಾಕ್ಕೊಳ್ಳಿ.

ತಳಿ ಅಂದೆನಲ್ಲ, ಅದನ್ನ ಶ್ರೀನಿವಾಸಪುರದವರಿಗೆ ನಾನು ವಿವರಿಸೋದೇ ಬೇಡ. ಮೇ ತಿಂಗಳಲ್ಲಿ ಅಲ್ಲಿನ ಮಂಡಿಗೆ ಹೋಗಿ "ಮಾವು ಕೊಡಿ" ಅಂದ್ರೆ ನಗ್ತಾರೆ. ಬಾದಾಮಿನಾ, ತೋತಾಪುರಿನಾ, ಬೇನಿಷಾನಾ, ನೀಲಂ, ಮಲ್ಲಿಕಾ? ತೋತಾಪುರಿ ಪಲ್ಪ್ ಫ್ಯಾಕ್ಟರಿಗೆ ಹೋಗುತ್ತೆ, ಬಾದಾಮಿ ಬುಟ್ಟಿ ಸೇರುತ್ತೆ. ಎರಡೂ ಮಾವೇ, ಕೆಲಸ ಬೇರೆ, ರೇಟೂ ಬೇರೆ. ಹಾಗೇನೇ ಲ್ಯಾಕ್ಟೊಬ್ಯಾಸಿಲಸ್ ಅನ್ನೋದು "ಮಾವು" ಅಂದಷ್ಟೇ. ಅದರೊಳಗೆ ಯಾವ ಜಾತಿ, ಯಾವ ತಳಿ ಅಂತ ಹೇಳಿದ್ರೆ ಮಾತ್ರ ಅದು ಏನು ಮಾಡುತ್ತೆ ಅಂತ ಹೇಳಬಹುದು. ಒಂದು ತಳಿಯ ಮೇಲೆ ನಡೆದ ಪರೀಕ್ಷೆಯ ಪುಣ್ಯವನ್ನ ಇನ್ನೊಂದು ತಳಿಯ ಡಬ್ಬದ ಮೇಲೆ ಅಂಟಿಸೋದು ತೋತಾಪುರಿಯನ್ನ ಬಾದಾಮಿ ರೇಟಿಗೆ ಮಾರಿದ ಹಾಗೆ.

ಈಗ ದೋಸೆ. ಮುಳಬಾಗಿಲಿನವರು ಬೇಜಾರು ಮಾಡ್ಕೋಬಾರದು.

ಅಕ್ಕಿ, ಉದ್ದು ನೆನೆಸಿ ರುಬ್ಬಿ ರಾತ್ರಿ ಇಟ್ಟರೆ ಹಿಟ್ಟು ಉಬ್ಬೋದು ಲ್ಯೂಕೊನೋಸ್ಟಾಕ್ ಅನ್ನೋ ಬ್ಯಾಕ್ಟೀರಿಯಾ ಮತ್ತು ಅದರ ಸಂಗಡಿಗರಿಂದ. ನಾವು ಹೊರಗಿಂದ ಏನೂ ಹಾಕಿರಲ್ಲ, ಉದ್ದಿನ ಬೇಳೆಯ ಮೇಲೇ ಅವು ಇರ್ತವೆ. ಬೆಳಗ್ಗೆ ಹಿಟ್ಟಿನಲ್ಲಿ ಅವು ಕೋಟಿಗಟ್ಟಲೆ ಜೀವಂತ. ಆಮೇಲೆ ಏನಾಗುತ್ತೆ? ಕಾದ ಕಾವಲಿ. ಆ ಬ್ಯಾಕ್ಟೀರಿಯಾ 70 ಡಿಗ್ರಿ ಶಾಖವನ್ನೇ ತಡೆಯಲ್ಲ, ಕಾವಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಕಾದಿರುತ್ತೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಇರೋ ಆ ದೋಸೆ ತಟ್ಟೆಗೆ ಬರೋ ಹೊತ್ತಿಗೆ ಅವೆಲ್ಲ ಸತ್ತಿರ್ತವೆ. ಇಡ್ಲಿಯ ಕಥೆಯೂ ಅದೇ. ಜೀವಂತ ಅನ್ನೋ ಮೊದಲ ಷರತ್ತೇ ಬಿದ್ದುಹೋಯ್ತು.

ಆದ್ರೆ ಅವು ಸುಮ್ಮನೆ ಸತ್ತಿಲ್ಲ. ರಾತ್ರಿಯೆಲ್ಲ ಕೆಲಸ ಮಾಡಿ ಹೋಗಿವೆ. ಕಾಳಲ್ಲಿ ಫೈಟೇಟ್ ಅನ್ನೋ ವಸ್ತು ಇರುತ್ತೆ, ಅದು ಕಬ್ಬಿಣ ಮತ್ತು ಜಿಂಕನ್ನ ಹಿಡಿದಿಟ್ಟುಕೊಂಡು ನಮಗೆ ದಕ್ಕೋಕೆ ಬಿಡಲ್ಲ. ಹುದುಗುವಾಗ ಅದು ಒಡೆಯುತ್ತೆ. ಕೆಲವು ಬಿ ವಿಟಮಿನ್‌ಗಳು ಹೆಚ್ಚಾಗ್ತವೆ, ಹಿಟ್ಟು ಅರಗೋದು ಸುಲಭ ಆಗುತ್ತೆ. ಜ್ವರ ಬಂದವರಿಗೆ ಇಡ್ಲಿ ಕೊಡೋ ಅಜ್ಜಿಯ ಲೆಕ್ಕ ಪಕ್ಕಾ ಇದೆ, ಪ್ರೊಬಯಾಟಿಕ್ ಅನ್ನೋ ಬಿರುದು ಅದಕ್ಕೆ ಬೇಕಿಲ್ಲ. ಆಲೂಗಡ್ಡೆ ಪಲ್ಯ, ಚಟ್ನಿ ಜೊತೆ ಆ ದೋಸೆ ತಿನ್ನೋಕೆ ಬೆಂಗಳೂರಿಂದ ಜನ ಗಾಡಿ ಹತ್ತಿ ಬರೋದೂ ಬ್ಯಾಕ್ಟೀರಿಯಾ ಲೆಕ್ಕ ಹಾಕಿ ಅಲ್ಲ.

ಉಪ್ಪಿನಕಾಯಿಗೆ ಉತ್ತರ ಚಿಕ್ಕದು. ನಮ್ಮ ಕಡೆಯ ಎಣ್ಣೆ, ಖಾರ, ಉಪ್ಪು ಸುರಿದ ಮಾವಿನಕಾಯಿ ಉಪ್ಪಿನಕಾಯಿ ಕೆಡದೇ ಇರೋದೇ ಅದರಲ್ಲಿ ಯಾವ ಜೀವಿಗೂ ಬೆಳೆಯೋಕೆ ಆಗಲ್ಲ ಅಂತ. ಅದನ್ನ ಪ್ರೊಬಯಾಟಿಕ್ ಅಂತ ತಿನ್ನಬೇಡಿ, ರುಚಿಗೆ ಅಂತ ಒಂದು ಚೂರು ನಂಜಿಕೊಳ್ಳಿ. ಬಿಪಿ ಇರೋರು ಆ ಚೂರನ್ನೂ ಚಿಕ್ಕದು ಮಾಡಿ.

ಹಾಗಾದ್ರೆ ಜೀವಂತ ಬ್ಯಾಕ್ಟೀರಿಯಾ ನಮ್ಮ ಊಟದಲ್ಲಿ ಎಲ್ಲಿದೆ? ಮೊಸರಲ್ಲಿ, ಮಜ್ಜಿಗೆಯಲ್ಲಿ. ಇದರ ಬಗ್ಗೆ ಕೋಲಾರ ಜಿಲ್ಲೆಯವರಿಗೆ ಹೇಳೋದು ಅಂದ್ರೆ ನನಗೆ ಸ್ವಲ್ಪ ಸಂಕೋಚ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಆದ್ರೂ ಬೆಳಗ್ಗೆ ಸಂಜೆ ಡೇರಿ ಮುಂದೆ ಕ್ಯಾನು ಹಿಡಿದು ನಿಲ್ಲೋ ಸಾಲು ನಿಂತಿಲ್ಲ. ಹಳಬರು ಹೈನುಗಾರಿಕೆ ಅಂದ್ರೆ ಇವತ್ತಿಗೂ ಎಂ.ವಿ. ಕೃಷ್ಣಪ್ಪನವರ ಹೆಸರು ತೆಗೀತಾರೆ. ಇಂಥ ಊರಲ್ಲಿ ಮೊಸರಿನ ಪಾಠ!

ಮೊಸರಿಗೆ ಮೊದಲು ಜಾಗತಿಕ ಪ್ರಚಾರ ಕೊಟ್ಟದ್ದು ಇಲ್ಯಾ ಮೆಚ್ನಿಕಾಫ್ ಅನ್ನೋ ವಿಜ್ಞಾನಿ. ಬಲ್ಗೇರಿಯಾದ ರೈತರು ತುಂಬಾ ವರ್ಷ ಬದುಕೋದಕ್ಕೆ ಹುಳಿ ಹಾಲೇ ಕಾರಣ ಇರಬೇಕು ಅಂತ 1907ರಲ್ಲಿ ಬರೆದರು. ಮರುವರ್ಷ ಅವರಿಗೆ ನೊಬೆಲ್ ಬಂತು, ಆದ್ರೆ ಅದು ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಮೇಲೆ ಮಾಡಿದ ಬೇರೆ ಕೆಲಸಕ್ಕೆ. ಜಾಹೀರಾತಿನವರು ಎರಡನ್ನೂ ಸೇರಿಸಿ ಹೇಳೋದುಂಟು.

ಮೊಸರಿನಿಂದ ಆಗೋ ಒಂದು ಲಾಭ ಮಾತ್ರ ಚೆನ್ನಾಗಿ ಸಾಬೀತಾಗಿದೆ. ದಕ್ಷಿಣ ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಪೂರ್ತಿ ಅರಗಲ್ಲ. ಒಂದು ದೊಡ್ಡ ಲೋಟ ಹಾಲು ಕುಡಿದ್ರೆ ಹೊಟ್ಟೆ ಉಬ್ಬರ, ಗುಡುಗುಡು. ಮೊಸರಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನ ಮುಂಚೇನೇ ಸ್ವಲ್ಪ ತಿಂದಿರ್ತವೆ, ಹೊಟ್ಟೆಗೆ ಹೋದ ಮೇಲೂ ಅರಗಿಸೋಕೆ ಕೈ ಜೋಡಿಸ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರೊಬಯಾಟಿಕ್ ಕಂಪನಿಗಳು ಇಟ್ಟ ನೂರಾರು ಹೇಳಿಕೆಗಳನ್ನ ಸಾಕ್ಷ್ಯ ಸಾಲದು ಅಂತ ತಳ್ಳಿಹಾಕಿದೆ. 2010ರಲ್ಲಿ ಅದು ಒಪ್ಪಿದ್ದು ಮೊಸರಿನ ಈ ಲ್ಯಾಕ್ಟೋಸ್ ಮಾತನ್ನ.

ಮನೆ ಮೊಸರಿನಲ್ಲಿ ಯಾವ ತಳಿ ಇದೆ ಅಂತ ಯಾರಿಗೂ ಗೊತ್ತಿರಲ್ಲ. ನಿಮ್ಮ ಮನೆ ಹೆಪ್ಪು ಪಕ್ಕದ ಮನೆಯಿಂದ ಬಂದಿರುತ್ತೆ, ಅವರದು ಅವರ ತವರಿಂದ. ಹಾಗಾಗಿ ಕಟ್ಟುನಿಟ್ಟಾಗಿ ಹೇಳೋದಾದ್ರೆ ಮನೆ ಮೊಸರು "ಜೀವಂತ ಹುದುಗು ಆಹಾರ", ಅಳೆದು ತೂಗಿದ ಪ್ರೊಬಯಾಟಿಕ್ ಅಲ್ಲ. ಅದೇನು ಕಮ್ಮಿ ಮಾತಲ್ಲ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಜನ ಆರೋಗ್ಯವಂತರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಮೊಸರಿನಂಥ ಹುದುಗು ಆಹಾರಗಳನ್ನ ಜಾಸ್ತಿ ಕೊಟ್ಟರು. ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಾಯ್ತು, ರಕ್ತದಲ್ಲಿ ಉರಿಯೂತ ತೋರಿಸೋ 19 ಪ್ರೋಟೀನ್‌ಗಳು ಇಳಿದವು. ಸಣ್ಣ ಅಧ್ಯಯನ, ಒಳ್ಳೇ ಸೂಚನೆ.

ಆದ್ರೆ ಮೊಸರನ್ನ ಕುದಿಸಿದ್ರೆ ದೋಸೆ ಕಥೆನೇ. ಮಜ್ಜಿಗೆ ಹುಳಿ ರುಚಿ ಬೇರೆ ಮಾತು, ಅದರಲ್ಲಿ ಜೀವ ಇರಲ್ಲ. ಫ್ರಿಜ್ ಇಲ್ಲದೇ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರೋ ಟೆಟ್ರಾ ಪ್ಯಾಕ್ ಮಜ್ಜಿಗೆಯೂ ಕಾಯಿಸಿದ್ದೇ. ತಣ್ಣಗಿಟ್ಟು ಮಾರೋ ಮೊಸರಿನ ಪ್ಯಾಕೆಟ್‌ನಲ್ಲಿ ಇರುತ್ತೆ.

ನನ್ನ ಪ್ರಕಾರ ಈ ಜಿಲ್ಲೆಯ ಅಸಲಿ ಜೋಡಿ ರಾಗಿ ಮತ್ತು ಮಜ್ಜಿಗೆ. ರಾಗಿ ಹಿಟ್ಟನ್ನ ಗಂಜಿ ಥರ ಬೇಯಿಸಿ, ಆರಿಸಿ, ರಾತ್ರಿಯೆಲ್ಲ ಮುಚ್ಚಿಟ್ಟು, ಬೆಳಗ್ಗೆ ಮಜ್ಜಿಗೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುಡಿಯೋ ಅಂಬಲಿ ಇದೆಯಲ್ಲ, ಅದರಲ್ಲಿ ಮಜ್ಜಿಗೆ ಬೀಳೋದು ಬೇಯಿಸಿದ ಮೇಲೆ. ಅಂದ್ರೆ ಬ್ಯಾಕ್ಟೀರಿಯಾ ಜೀವಂತ. ತೆಲುಗು ಮನೆಮಾತಿನವರು ಮಜ್ಜಿಗ ಅಂದ್ರೂ ಒಳಗಿರೋದು ಅದೇ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕರುಳಲ್ಲಿ ಆಗಲೇ ಮನೆ ಮಾಡಿಕೊಂಡಿರೋ ಬ್ಯಾಕ್ಟೀರಿಯಾಗೆ ಈ ನಾರೇ ಊಟ. ಇದನ್ನ ಪ್ರಿಬಯಾಟಿಕ್ ಅಂತಾರೆ, ಪ್ರೊ ಅಲ್ಲ, ಪ್ರಿ. ಹೊಸ ಬಾಡಿಗೆದಾರರನ್ನ ಕರೆಯೋದಕ್ಕಿಂತ ಇರೋರಿಗೆ ಊಟ ಹಾಕೋದು ಅಂತ ಇಟ್ಕೊಳ್ಳಿ. ದಿನಾ ಬಿಳಿ ಅನ್ನ, ಬಿಸ್ಕತ್ತು, ಗೋಬಿ ಮಂಚೂರಿ ತಿಂದು ಮೇಲೊಂದು ಕ್ಯಾಪ್ಸೂಲ್ ನುಂಗಿದ್ರೆ ಆ ಬ್ಯಾಕ್ಟೀರಿಯಾ ಉಪವಾಸ. ಎಷ್ಟೋ ತಳಿಗಳು ಹೇಗೂ ಕರುಳಲ್ಲಿ ಖಾಯಂ ಆಗಿ ಉಳಿಯಲ್ಲ, ತಗೊಳ್ಳೋದು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಹೊರಟುಹೋಗ್ತವೆ.

ಈಗ ಮಾಲೂರಿನ ಹುಡುಗನ ಪ್ರಶ್ನೆ. ಇದಕ್ಕೆ ಅಮ್ಮನೂ ಸರಿ, ಡಾಕ್ಟರೂ ಸರಿ ಅನ್ನೋ ಉತ್ತರ ಬರುತ್ತೆ. ಬೇಸರ ಮಾಡ್ಕೋಬೇಡಿ, ವಿಷಯ ಇರೋದೇ ಹಾಗೆ.

ಆಂಟಿಬಯಾಟಿಕ್ ಹಲ್ಲಿನ ಕೀವಿನ ಬ್ಯಾಕ್ಟೀರಿಯಾವನ್ನ ಮಾತ್ರ ಹುಡುಕಿ ಕೊಲ್ಲಲ್ಲ, ಕರುಳಲ್ಲಿರೋ ಒಳ್ಳೆಯವನ್ನೂ ಕೊಲ್ಲುತ್ತೆ. ಅದಕ್ಕೇ ಕೆಲವರಿಗೆ ಭೇದಿ ಆಗೋದು. ಪ್ರೊಬಯಾಟಿಕ್ ನಿಜವಾಗಿ ಕೆಲಸ ಮಾಡುತ್ತೆ ಅಂತ ಗಟ್ಟಿ ಸಾಕ್ಷ್ಯ ಇರೋ ಕೆಲವೇ ಜಾಗಗಳಲ್ಲಿ ಇದೂ ಒಂದು. ಮಕ್ಕಳ ಮೇಲೆ ನಡೆದ 33 ಪರೀಕ್ಷೆಗಳನ್ನ ಒಟ್ಟು ಸೇರಿಸಿ 2019ರಲ್ಲಿ ಕಾಕ್ರೇನ್ ಸಂಸ್ಥೆ ನೋಡಿದಾಗ, ಆಂಟಿಬಯಾಟಿಕ್ ಮಾತ್ರ ತಗೊಂಡವರಲ್ಲಿ ಶೇ 19ರಷ್ಟು ಮಂದಿಗೆ ಭೇದಿ ಆಗಿತ್ತು, ಜೊತೆಗೆ ಪ್ರೊಬಯಾಟಿಕ್ ತಗೊಂಡವರಲ್ಲಿ ಶೇ 8ರಷ್ಟು ಮಂದಿಗೆ. ಹಾಗಾಗಿ ಆ ಸ್ಟ್ರಿಪ್ ಬರೆದುಕೊಟ್ಟದ್ದರಲ್ಲಿ ಅರ್ಥ ಇದೆ, ಮುಖ್ಯವಾಗಿ ಹಿಂದೆ ಆಂಟಿಬಯಾಟಿಕ್ ತಗೊಂಡಾಗ ನಿಮಗೆ ಹೊಟ್ಟೆ ಕೆಟ್ಟಿದ್ರೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಇಲ್ಲಾಂದ್ರೆ ಒಂದು ಮಾತ್ರೆ ಇನ್ನೊಂದನ್ನ ಕೊಂದು ಹಾಕುತ್ತೆ.

ಇನ್ನೊಂದು ಮಗ್ಗುಲೂ ಇದೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆಂಟಿಬಯಾಟಿಕ್ ಮುಗಿಸಿದ ಕೆಲವರಿಗೆ 11 ತಳಿಯ ಪ್ರೊಬಯಾಟಿಕ್ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಏನೂ ತಗೊಳ್ಳದವರ ಕರುಳಲ್ಲಿ ಹಳೇ ಬ್ಯಾಕ್ಟೀರಿಯಾ ಬೇಗ ವಾಪಸ್ ಬಂದವು. ಪ್ರೊಬಯಾಟಿಕ್ ತಗೊಂಡವರಲ್ಲಿ ತಿಂಗಳುಗಟ್ಟಲೆ ತಡ ಆಯ್ತು, ಹೊಸಬರು ಬಂದು ಕೂತು ಹಳಬರಿಗೆ ಜಾಗ ಬಿಡಲಿಲ್ಲ. ನೋಡಿದ್ದು ಬೆರಳೆಣಿಕೆ ಜನರನ್ನ, ಹಾಗಾಗಿ ಇದೇ ಕೊನೇ ಮಾತಲ್ಲ. ಆದ್ರೆ "ಸುಮ್ನೆ ತಗೊಳ್ಳಿ, ಒಳ್ಳೇದೇ ಆಗುತ್ತೆ" ಅನ್ನೋರಿಗೆ ಇದು ಒಳ್ಳೇ ಉತ್ತರ. ಐದು ದಿನದ ಕೋರ್ಸ್, ಗಟ್ಟಿ ಮೈ, ಹಿಂದೆ ತೊಂದರೆ ಆಗಿಲ್ಲ ಅಂದ್ರೆ ಅಮ್ಮನ ಮೊಸರನ್ನ ಸಾಕಾಗಬಹುದು, ಇದನ್ನೇ ಡಾಕ್ಟರ ಹತ್ರ ಕೇಳಿ. ಆದ್ರೆ ಒಂದು ವಿಚಾರ ನೆನಪಿರಲಿ: ಕೆಲವು ಆಂಟಿಬಯಾಟಿಕ್‌ಗಳನ್ನ ಹಾಲು ಮೊಸರಿನ ಜೊತೆ ತಗೋಬಾರದು. ಯಾವುದು ಅಂತ ಬರೆದುಕೊಟ್ಟವರನ್ನೇ ಕೇಳಿ.

ಅದಕ್ಕಿಂತ ದೊಡ್ಡ ಪ್ರಶ್ನೆ ಕೇಳಬೇಕಾದದ್ದು ಆಂಟಿಬಯಾಟಿಕ್ ಬಗ್ಗೆನೇ. ನೆಗಡಿ, ಸಾಮಾನ್ಯ ಗಂಟಲು ಕೆರೆತ ಹೆಚ್ಚಾಗಿ ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ಕೆಲಸಕ್ಕೆ ಬರಲ್ಲ. ಸ್ಟ್ರಿಪ್ ಹಿಂದೆ ಕೆಂಪು ಗೆರೆ ಇದ್ರೆ ಅದನ್ನ ಚೀಟಿ ಇಲ್ಲದೇ ಕೊಳ್ಳಬೇಡಿ. ಕರುಳಿನ ಬ್ಯಾಕ್ಟೀರಿಯಾ ಉಳಿಸೋಕೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿ ನಾನು ಪ್ರೊಬಯಾಟಿಕ್ ವಿರೋಧಿ ಅಂತ ಅನ್ಕೋಬೇಡಿ. ನನಗೆ ತುಂಬಾ ಖುಷಿ ಕೊಟ್ಟ ಅಧ್ಯಯನ ನಮ್ಮ ದೇಶದ್ದೇ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳು. ಅರ್ಧ ಮಕ್ಕಳಿಗೆ ಹುಟ್ಟಿದ ಮೊದಲ ದಿನಗಳಲ್ಲಿ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿ, ಜೊತೆಗೆ ಅದಕ್ಕೆ ಊಟವಾಗಿ ಒಂದು ಥರದ ಸಕ್ಕರೆ. ಉಳಿದವರಿಗೆ ಖಾಲಿ ಪುಡಿ. ಎರಡು ತಿಂಗಳು ಎಲ್ಲ ಮಕ್ಕಳನ್ನೂ ಗಮನಿಸಿದರು. ಖಾಲಿ ಪುಡಿಯ ಗುಂಪಿನಲ್ಲಿ ಶೇ 9ರಷ್ಟು ಮಕ್ಕಳಿಗೆ ರಕ್ತದ ಸೋಂಕು ಅಥವಾ ಸಾವು. ಇನ್ನೊಂದರಲ್ಲಿ ಶೇ 5.4. ಅಂದ್ರೆ ಶೇ 40ರಷ್ಟು ಇಳಿಕೆ. ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡದ ಈ ಕೆಲಸ 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಸರಿಯಾದ ತಳಿ, ಸರಿಯಾದ ಸಮಯ, ಸರಿಯಾದ ಮಗು ಸಿಕ್ಕಿದ್ರೆ ಏನಾಗಬಹುದು ಅನ್ನೋದಕ್ಕೆ ಇದು ಉದಾಹರಣೆ.

ಇದನ್ನ ಕೇಳಿ ಮನೇಲಿರೋ ಬಾಣಂತಿಯ ಕೂಸಿಗೆ ಅಂಗಡಿಯ ಪುಡಿ ಕಲಸಿ ಕೊಡೋಕೆ ಹೋಗಬೇಡಿ. ಆ ಪರೀಕ್ಷೆಯಲ್ಲಿದ್ದದ್ದು 2 ಕೆಜಿಗಿಂತ ಹೆಚ್ಚು ತೂಕದ, ತಿಂಗಳು ತುಂಬಿದ ಅಥವಾ ತುಂಬೋಕೆ ಹತ್ತಿರ ಇದ್ದ ಮಕ್ಕಳು. ತಿಂಗಳು ತುಂಬದ ಶಿಶುಗಳಲ್ಲಿ ಪ್ರೊಬಯಾಟಿಕ್ಕೇ ರಕ್ತಕ್ಕೆ ಸೇರಿ ಸೋಂಕಾಗಬಹುದು ಅಂತ ಅಮೆರಿಕದ ಔಷಧ ಪ್ರಾಧಿಕಾರ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರೋರು, ಅಂಗಾಂಗ ಕಸಿ ಆದವರು, ಐಸಿಯುನಲ್ಲಿರೋರು ಕೂಡ ಡಾಕ್ಟರು ಹೇಳದೇ ಮುಟ್ಟಬಾರದು.

ದೊಡ್ಡ ಮಕ್ಕಳಲ್ಲಿ ಲಾಭ ಸಣ್ಣದು. ಕೋಲ್ಕತ್ತದ ಕೊಳೆಗೇರಿಯಲ್ಲಿ 1ರಿಂದ 5 ವರ್ಷದ 3,758 ಮಕ್ಕಳಿಗೆ 12 ವಾರ ದಿನಾ ಪಾನೀಯ ಕೊಟ್ಟು ನೋಡಿದ್ರು, ಅರ್ಧ ಮಂದಿಗೆ ಪ್ರೊಬಯಾಟಿಕ್ ಇದ್ದದ್ದು. ಅವರಲ್ಲಿ ಭೇದಿ ಶೇ 14ರಷ್ಟು ಕಮ್ಮಿ ಆಯ್ತು. ಹಣ ಕೊಟ್ಟದ್ದು ಆ ಪಾನೀಯದ ಕಂಪನಿನೇ ಅನ್ನೋದನ್ನೂ ಸೇರಿಸಿ ಹೇಳಬೇಕು. ನೆಗಡಿ ಕೆಮ್ಮಿನ ವಿಷಯದಲ್ಲೂ ಕೆಲವು ಪರೀಕ್ಷೆಗಳು ಸಣ್ಣ ಲಾಭ ತೋರಿಸಿವೆ, ಅವುಗಳ ಗುಣಮಟ್ಟ ಅಷ್ಟಕ್ಕಷ್ಟೇ. ಇದಕ್ಕೆ ಹೋಲಿಸಿದ್ರೆ ರೋಟಾವೈರಸ್ ಲಸಿಕೆಯ ಹನಿಗಳು 6, 10, 14ನೇ ವಾರದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮಗುವಿನ ಹೊಟ್ಟೆಗೆ ಬೇಕಾದ ಇಮ್ಯುನಿಟಿ ಅಂದ್ರೆ ಅದು. ಆಮೇಲೆ ಕಾಯಿಸಿದ ನೀರು, ಸೋಪು.

ಕೊನೆಗೆ, ಡಬ್ಬ ಕೊಳ್ಳಲೇಬೇಕು ಅನ್ನೋರಿಗೆ. ತಳಿಯ ಪೂರ್ತಿ ಹೆಸರು ಇದೆಯಾ ನೋಡಿ, ಹೆಸರಿನ ಕೊನೆಯಲ್ಲಿ ಅಕ್ಷರವೋ ಸಂಖ್ಯೆಯೋ ಇರುತ್ತೆ. ಬರೀ "ಒಳ್ಳೆಯ ಬ್ಯಾಕ್ಟೀರಿಯಾ" ಅಂತಿದ್ರೆ ವಾಪಸ್ ಇಡಿ. ಸಿಎಫ್‌ಯು ಅಂತ ಒಂದು ಲೆಕ್ಕ ಇರುತ್ತೆ, ಅದು ಜೀವಂತ ಬ್ಯಾಕ್ಟೀರಿಯಾ ಸಂಖ್ಯೆ. ನಮ್ಮ ದೇಶದ ನಿಯಮದ ಪ್ರಕಾರ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಇರಬೇಕು. ತಯಾರಾದ ದಿನ ಅಲ್ಲ, ಅವಧಿ ಮುಗಿಯೋವರೆಗೂ ಅಷ್ಟು ಇರುತ್ತೆ ಅಂತ ಬರೆದಿದ್ರೆ ಒಳ್ಳೇದು. ಫ್ರಿಜ್‌ನಲ್ಲಿಡಿ ಅಂತ ಬರೆದಿರೋದನ್ನ ಅಂಗಡಿಯವರು ಏಪ್ರಿಲ್ ಬಿಸಿಲಲ್ಲಿ ಶೆಲ್ಫ್ ಮೇಲೆ ಇಟ್ಟಿದ್ರೆ ನೀವು ಕೊಳ್ಳೋದು ಸತ್ತ ಬ್ಯಾಕ್ಟೀರಿಯಾ. ಐಬಿಎಸ್, ಹೊಟ್ಟೆ ಉಬ್ಬರ ಅಂತ ಶುರು ಮಾಡೋರು ನಾಲ್ಕು ವಾರ ನೋಡಿ. ಗುಣ ಕಾಣಲಿಲ್ಲ ಅಂದ್ರೆ ನಿಲ್ಲಿಸಿ, ಬ್ರ್ಯಾಂಡ್ ಬದಲಾಯಿಸ್ತಾ ವರ್ಷ ಕಳೀಬೇಡಿ. ತೂಕ ಇಳಿಯೋದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಹೊಟ್ಟೆನೋವು ಇದ್ರೆ ಆ ನಾಲ್ಕು ವಾರನೂ ಕಾಯಬೇಡಿ, ಡಾಕ್ಟರ ಹತ್ರ ಹೋಗಿ.

ಮುಂದಿನ ಸಂಚಿಕೆ ಆ್ಯಸಿಡಿಟಿ ಮಾತ್ರೆಗಳ ಬಗ್ಗೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು ನುಂಗೋರು ಎಷ್ಟು ವರ್ಷದಿಂದ ನುಂಗ್ತಿದೀರಿ ಅಂತ ವಾಯ್ಸ್ ನೋಟಲ್ಲಿ ಹೇಳಿ. ಒಂದು ನಿಮಿಷದೊಳಗೆ ಇರಲಿ. ಸಿಗೋಣ.